ಏರಿದ ದರ, ಇಳಿದ ಬೆಲೆ: ಬೆಂಗಳೂರಿನ ಗೃಹಬಳಕೆಯ ನೀರು ಮತ್ತು ಒಳಚರಂಡಿ ಶುಲ್ಕ

ನಗರಗಳ ನೀರಿನ ದರದ ಚರಿತ್ರೆಯನ್ನು ಏರಿಕೆಯ ಚರಿತ್ರೆಯೆಂದೇ ಓದುವ ರೂಢಿಯಿದೆ; ಬೆಂಗಳೂರಿನ ಮಟ್ಟಿಗೆ ಆ ಓದು ಅರ್ಧಸತ್ಯ. 1964ರ ಕಾಯಿದೆಯಡಿ ರೂಪುಗೊಂಡ ಜಲಮಂಡಳಿಯು 2014ರ ನವೆಂಬರ್‌ನಲ್ಲಿ ಗೃಹಬಳಕೆಯ ದರವನ್ನು ಪರಿಷ್ಕರಿಸಿದ ಮೇಲೆ 2025ರ ಏಪ್ರಿಲ್‌ವರೆಗೂ ಅದು ಹಾಗೆಯೇ ಉಳಿಯಿತು.

ಇಲ್ಲಿ ಜಾರಿಯಲ್ಲಿರುವುದು ಸ್ಲ್ಯಾಬ್ ಪದ್ಧತಿ, ಅಂದರೆ ನಿಗದಿತ ಮಿತಿಯನ್ನು ದಾಟಿ ಬಳಸಿದ ನೀರಿಗೆ ಮಾತ್ರ ಮೇಲಿನ ಹಂತದ ದರ ಅನ್ವಯಿಸುವ ವ್ಯವಸ್ಥೆ. 2014ರ ಪಟ್ಟಿಯಂತೆ ಮೊದಲ 8 ಕಿಲೋಲೀಟರ್‌ಗೆ, ಎಂದರೆ 8,000 ಲೀಟರಿಗೆ, ಕಿಲೋಲೀಟರೊಂದಕ್ಕೆ 7 ರೂಪಾಯಿಯೂ, ಅಲ್ಲಿಂದ 25 ಕಿಲೋಲೀಟರ್‌ವರೆಗೆ 11 ರೂಪಾಯಿಯೂ ಇದ್ದವು. 2025ರಲ್ಲಿ ಈ ಎರಡು ಹಂತಗಳಿಗೆ ಲೀಟರಿಗೆ ಕ್ರಮವಾಗಿ 0.15 ಪೈಸೆ ಮತ್ತು 0.40 ಪೈಸೆ ಸೇರಿತು. ತಿಂಗಳಿಗೆ 20 ಕಿಲೋಲೀಟರ್ ಬಳಸುವ ಮನೆಯ ನೀರಿನ ಶುಲ್ಕವನ್ನು ಈ ದರಗಳಲ್ಲಿ ಲೆಕ್ಕಹಾಕಿದರೆ 188 ರೂಪಾಯಿಯಿದ್ದದ್ದು 248ಕ್ಕೆ ಮುಟ್ಟುತ್ತದೆ. ಒಮ್ಮೆಗೇ ಬಂದುದರಿಂದ ಶೇ. 32ರ ಈ ಹೆಚ್ಚಳ ಬಳಕೆದಾರರ ಕಣ್ಣಿಗೆ ದೊಡ್ಡದಾಗಿ ಕಂಡಿತಾದರೂ, ನಡುವಿನ ಹತ್ತೂಚಿಲ್ಲರೆ ವರ್ಷಗಳಿಗೆ ಚಕ್ರಬಡ್ಡಿಯ ಲೆಕ್ಕದಲ್ಲಿ ಹಂಚಿದಾಗ ಅದು ವರ್ಷಕ್ಕೆ ಶೇ. 3ನ್ನೂ ಮುಟ್ಟುವುದಿಲ್ಲ. ಅದೇ ಅವಧಿಯ ಸಾಮಾನ್ಯ ಬೆಲೆಯೇರಿಕೆ ಇದಕ್ಕಿಂತ ಹೆಚ್ಚಿದ್ದುದರಿಂದ, ನೈಜ ಬೆಲೆ, ಅಂದರೆ ಹಣದುಬ್ಬರವನ್ನು ಕಳೆದು ಉಳಿಯುವ ಬೆಲೆ, ವಾಸ್ತವದಲ್ಲಿ ಕುಸಿದಿತ್ತು.

ವೆಚ್ಚ ಮಾತ್ರ ದರಕ್ಕಾಗಿ ಕಾಯಲಿಲ್ಲ. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳ ಪಂಪಿಂಗ್ ಕೇಂದ್ರಗಳನ್ನು ಹಾದು ನೂರಾರು ಮೀಟರ್ ಮೇಲೇರಿ ಬರಬೇಕಾದ ಕಾರಣ ವಿದ್ಯುತ್ ಬಿಲ್ಲೇ ಮಂಡಳಿಯ ಪ್ರಧಾನ ಹೊರೆ. 2024ರ ಅಕ್ಟೋಬರ್‌ನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆಯಾದ ಮೇಲೆ ಆ ಹೊರೆ ಇನ್ನಷ್ಟು ಬೆಳೆದಿದೆ. ಆರು ತಿಂಗಳೊಳಗೆ ದರ ಪರಿಷ್ಕರಣೆಯಾದದ್ದು ಆಕಸ್ಮಿಕವಲ್ಲ.

ಒಳಚರಂಡಿ ಶುಲ್ಕದ ತರ್ಕ ಇನ್ನೂ ದುರ್ಬಲ. ಅದು ಬಹುಮಟ್ಟಿಗೆ ನೀರಿನ ಶುಲ್ಕದ ಶೇಕಡಾವಾರು ಪಾಲಾಗಿರುವುದರಿಂದ ನೀರಿನ ದರ ನಿಂತಲ್ಲಿ ತಾನೂ ನಿಲ್ಲುತ್ತದೆ. ಕೊಳಚೆ ನೀರನ್ನು ಸಂಸ್ಕರಿಸುವ ವೆಚ್ಚಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ.

ಅಗ್ಗದ ದರವು ಬಡವರ ಪರ ಎಂಬ ವಾದವನ್ನು ಇಲ್ಲಿ ಪರೀಕ್ಷಿಸಬೇಕು. 2024ರ ಮಾರ್ಚ್‌ನ ಅಭಾವದಲ್ಲಿ ಜಿಲ್ಲಾಡಳಿತವು ಟ್ಯಾಂಕರ್‌ಗಳಿಗೆ ವಿಧಿಸಿದ ಮಿತಿಯ ಪ್ರಕಾರ, 5 ಕಿಲೋಮೀಟರ್ ಒಳಗಿನ 6,000 ಲೀಟರಿನ ಒಂದು ಲೋಡಿಗೆ 600 ರೂಪಾಯಿ, ಎಂದರೆ ಕಿಲೋಲೀಟರಿಗೆ 100. ಸಂಪರ್ಕವಿದ್ದವರ ಮೊದಲ ಹಂತದ ದರಕ್ಕೆ ಇದು ಹದಿನಾಲ್ಕು ಪಟ್ಟು. ಹೀಗಾಗಿ ಸ್ಥಗಿತಗೊಂಡ ದರದ ಲಾಭ ಕೊಳವೆ ಜಾಲದ ಒಳಗಿದ್ದವರಿಗೆ ದಕ್ಕಿತು. ಜಾಲ ವಿಸ್ತರಿಸಲು ಬೇಕಾದ ಹಣ ಸ್ವಂತ ವರಮಾನದಿಂದ ಹುಟ್ಟದೆ ಹೋದುದರ ನಷ್ಟವನ್ನು ಹೊರಗಿದ್ದವರು ಹೊತ್ತರು.

2025ರ ಆದೇಶವು ಪ್ರತಿ ವರ್ಷ ಶೇ. 3ರ ಹೆಚ್ಚಳಕ್ಕೆ ಅವಕಾಶ ಕೊಟ್ಟು, ದಶಕಕ್ಕೊಮ್ಮೆ ಎದುರಾಗುವ ರಾಜಕೀಯ ಮುಜುಗರವನ್ನು ತಪ್ಪಿಸಿದೆ. ಆದರೆ ರಿಸರ್ವ್ ಬ್ಯಾಂಕಿನ ಹಣದುಬ್ಬರದ ಗುರಿಯೇ ಶೇ. 4 ಇರುವಾಗ, ಆ ಗುರಿ ಈಡೇರಿದರೂ ನಲ್ಲಿ ನೀರಿನ ನೈಜ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಇರುತ್ತದೆ.