ಮಣ್ಣಿನ ಏಕಮಾನ ತೂಕ: ಪ್ರಯೋಗಾಲಯದಲ್ಲಿ ಅಳೆಯುವುದು ಹೇಗೆ?

ಹೊಸ ರಸ್ತೆಯೊಂದು ಮೊದಲ ಮಳೆಗಾಲದಲ್ಲೇ ಕುಸಿದರೆ ಸಾರ್ವಜನಿಕರ ದೃಷ್ಟಿ ಸಾಮಾನ್ಯವಾಗಿ ಡಾಂಬರಿನ ಮೇಲೆ ಬೀಳುತ್ತದೆ. ದೋಷ ಅದರ ಕೆಳಗಿನ ಮಣ್ಣಿನಲ್ಲೂ ಇರಬಹುದು. ಆ ಮಣ್ಣಿಗೆ ಸಾಕಷ್ಟು ದಮ್ಮಸು ಬಿದ್ದಿದೆಯೇ ಎಂಬುದನ್ನು ತೀರ್ಮಾನಿಸುವ ಅಂಕಿಯೇ ಏಕಮಾನ ತೂಕ. ಎಂಜಿನಿಯರುಗಳ ಮಾತಿನಲ್ಲಿ ‘ಯೂನಿಟ್ ವೇಟ್’. ಒಂದು ಘನ ಮೀಟರ್ ಜಾಗವನ್ನು ತುಂಬಿರುವ ಮಣ್ಣಿನ ಭಾರವೆಷ್ಟು ಎಂಬುದು ಇದರ ಅರ್ಥ. ಇದನ್ನು ಕಿಲೋನ್ಯೂಟನ್‌ಗಳಲ್ಲಿ ಹೇಳುವುದು ರೂಢಿ. ಹೋಲಿಕೆಗೆ ಹೇಳುವುದಾದರೆ ನೀರಿನ ಏಕಮಾನ ತೂಕ 9.81.

ಮಣ್ಣೆಂದರೆ ಬರಿಯ ಕಣಗಳಲ್ಲ. ಕಣಗಳ ನಡುವೆ ನೀರೂ ಗಾಳಿಯೂ ಇರುತ್ತವೆ. ರೋಲರ್ ಹೊರದೂಡುವುದು ಗಾಳಿಯನ್ನು. ಆದ್ದರಿಂದ ಹಸಿ ಮಣ್ಣಿನ ಭಾರವನ್ನಷ್ಟೇ ನೋಡಿ ಮಣ್ಣು ಗಟ್ಟಿಯಾಗಿದೆ ಎನ್ನುವಂತಿಲ್ಲ, ಆ ಭಾರದಲ್ಲಿ ನೀರಿನ ಪಾಲೂ ಸೇರಿರುತ್ತದೆ. ನೀರನ್ನು ಕಳೆದು ಉಳಿಯುವ ಒಣ ಏಕಮಾನ ತೂಕವೇ ಕಾಮಗಾರಿಯಲ್ಲಿ ಲೆಕ್ಕಕ್ಕೆ ಬರುವಂಥದು.

ಅಳತೆಯ ತತ್ತ್ವ ಸರಳ: ಒಂದು ತೂಕ, ಒಂದು ಗಾತ್ರ. ತೂಕಕ್ಕೆ ತಕ್ಕಡಿ ಸಾಕು, ಕಷ್ಟವಿರುವುದು ಗಾತ್ರದಲ್ಲಿ. ಮೆದು ಜೇಡಿಯಾದರೆ ‘ಕೋರ್ ಕಟರ್’ ಎಂಬ ಉಕ್ಕಿನ ಕೊಳವೆಯನ್ನು ನೆಲಕ್ಕಿಳಿಸಿ, ಮಣ್ಣು ತುಂಬಿದ ಕೊಳವೆಯನ್ನು ಅಗೆದು ತೆಗೆದು, ಎರಡೂ ತುದಿಗಳನ್ನು ಸಮನಾಗಿ ಕೊಯ್ದು ತೂಗುತ್ತಾರೆ. ಕೊಳವೆಯ ಒಳಗಾತ್ರ ಸುಮಾರು 1000 ಘನ ಸೆಂ.ಮೀ. ಆಕಾರವಿಲ್ಲದ ಹೆಂಟೆಯ ಗಾತ್ರವನ್ನು ತಿಳಿಯಲು ಇನ್ನೊಂದು ಉಪಾಯವಿದೆ. ಹೆಂಟೆಗೆ ಕರಗಿದ ಮೇಣ ಬಳಿದು ನೀರಿನಲ್ಲಿ ಮುಳುಗಿಸಿದರೆ, ಅದು ಸರಿಸಿದ ನೀರಿನಿಂದ ಗಾತ್ರ ಸಿಗುತ್ತದೆ. ಮೇಣದ ಗಾತ್ರವನ್ನು ಅದರಿಂದ ಕಳೆಯುವುದನ್ನು ಮರೆಯಬಾರದು.

ಸಿಕ್ಕ ಅಂಕಿಯನ್ನು ಯಾವುದಕ್ಕೆ ಹೋಲಿಸಬೇಕು? ಇದಕ್ಕೆ ಉತ್ತರವಾಗಿ 1933ರಲ್ಲಿ ಲಾಸ್ ಏಂಜಲೀಸ್‌ನ ಎಂಜಿನಿಯರ್ ರಾಲ್ಫ್ ಪ್ರಾಕ್ಟರ್ ಪ್ರಕಟಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಅದರ ಭಾರಿ ರೂಪ ಐಎಸ್ 2720ರ 8ನೇ ಭಾಗದಲ್ಲಿದೆ. ಮಣ್ಣನ್ನು ಅಚ್ಚಿನಲ್ಲಿ 5 ಪದರಗಳಾಗಿ ತುಂಬಿ, 4.9 ಕಿಲೋಗ್ರಾಂ ಗುದ್ದನ್ನು 450 ಮಿ.ಮೀ. ಎತ್ತರದಿಂದ ಪದರಕ್ಕೆ 25 ಸಲ ಬೀಳಿಸಲಾಗುತ್ತದೆ. ನೀರನ್ನು ಹಂತಹಂತವಾಗಿ ಹೆಚ್ಚಿಸುತ್ತಾ ಪರೀಕ್ಷೆಯನ್ನು ಪುನರಾವರ್ತಿಸಿದಾಗ ಒಣ ತೂಕ ಮೊದಲು ಏರಿ ಅನಂತರ ಇಳಿಯುತ್ತದೆ. ಆ ಶಿಖರವೇ ಗರಿಷ್ಠ ಒಣ ಏಕಮಾನ ತೂಕ. ಹೆದ್ದಾರಿ ಸಚಿವಾಲಯದ ನಿರ್ದಿಷ್ಟತೆಯಂತೆ ರಸ್ತೆ ತಳದ ಮಣ್ಣು ಇದರ ಕನಿಷ್ಠ ಶೇ. 97ರಷ್ಟನ್ನು, ಅದರ ಕೆಳಗಿನ ಏರಿಯ ಮಣ್ಣು ಶೇ. 95ರಷ್ಟನ್ನು ಮುಟ್ಟಲೇಬೇಕು.

ತಪ್ಪುವುದು ತೇವಾಂಶದಲ್ಲಿ

ಉದಾಹರಣೆಗೆ ಒಂದು ಲೆಕ್ಕ ನೋಡೋಣ. 1000 ಘನ ಸೆಂ.ಮೀ. ಕೊಳವೆಯಲ್ಲಿ ಕೆಮ್ಮಣ್ಣು 2010 ಗ್ರಾಂ ತೂಗಿತೆನ್ನಿ. 105ರಿಂದ 110 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿದಾಗ ತೇವಾಂಶ ಶೇ. 12 ಎಂದು ತಿಳಿಯಿತು. 2010ನ್ನು 1.12ರಿಂದ ಭಾಗಿಸಿದರೆ ಒಣ ಮಣ್ಣು 1795 ಗ್ರಾಂ, ಅಂದರೆ ಘನ ಮೀಟರಿಗೆ 17.6 ಕಿಲೋನ್ಯೂಟನ್. ಪ್ರಯೋಗಾಲಯದ ಗರಿಷ್ಠ 18.3 ಆಗಿದ್ದರೆ ಇದು ಅದರ ಶೇ. 96.2 ಮಾತ್ರ. ರಸ್ತೆ ತಳಕ್ಕೆ ಅನುತ್ತೀರ್ಣ.

ಓವನ್‌ಗೆ ಸಾಮಾನ್ಯವಾಗಿ ಒಂದು ದಿನ ಬೇಕು. ರೋಲರ್ ಕಾದು ನಿಂತಿರುವಾಗ ಅಷ್ಟು ಸಹನೆ ಯಾರಿಗಿದೆ? ಆದ್ದರಿಂದ ಕಾಮಗಾರಿ ಸ್ಥಳದಲ್ಲಿ ಕಾರ್ಬೈಡ್ ಪುಡಿ ಬಳಸುವ ತ್ವರಿತ ತೇವಮಾಪಕಕ್ಕೆ ಮೊರೆಹೋಗುತ್ತಾರೆ. ಉಪಕರಣ ಒಳ್ಳೆಯದೇ. ಆದರೆ ಅದು ತೋರಿಸುವ ಶೇಕಡಾವಾರು ಹಸಿ ಮಣ್ಣಿನ ತೂಕಕ್ಕೆ ಸಂಬಂಧಿಸಿದ್ದು, ಸೂತ್ರಕ್ಕೆ ಬೇಕಿರುವುದು ಒಣ ಮಣ್ಣಿನ ತೂಕಕ್ಕೆ ಸಂಬಂಧಿಸಿದ್ದು. ಮೇಲಿನ ಮಣ್ಣಿಗೇ ಅದು 10.7 ಎಂದು ತೋರಿಸುತ್ತದೆ. ಪರಿವರ್ತಿಸದೆ ಅದನ್ನೇ ಬರೆದುಕೊಂಡರೆ ಒಣ ಏಕಮಾನ ತೂಕ 17.8ಕ್ಕೇರಿ, ಗರಿಷ್ಠದ ಶೇ. 97.3 ಎಂದಾಗುತ್ತದೆ. ಅನುತ್ತೀರ್ಣ ಮಣ್ಣು ಕಾಗದದ ಮೇಲೆ ಉತ್ತೀರ್ಣ! ಯಾರೂ ಮೋಸ ಮಾಡಬೇಕಿಲ್ಲ, ಒಂದು ಭಾಗಾಕಾರವನ್ನು ಬಿಟ್ಟರೆ ಸಾಕು. ರೋಲರ್ ಇನ್ನೆರಡು ಸಲ ಓಡಬೇಕಿದ್ದ ತಳದ ಮೇಲೆ ಮರುದಿನವೇ ಜಲ್ಲಿ ಬೀಳುತ್ತದೆ.

ಎರೆ ನೆಲದ ಸಮಸ್ಯೆ

ವಿಜಯಪುರ, ಕಲಬುರಗಿ, ಧಾರವಾಡ ಭಾಗದ ಎರೆಮಣ್ಣಿನ ಕಥೆ ಬೇರೆ. ನೀರು ಕುಡಿದರೆ ಉಬ್ಬಿ, ಒಣಗಿದರೆ ಬಿರಿಯುವ ಈ ಮಣ್ಣಿನ ಗಾತ್ರವೇ ಬದಲಾಗುವುದರಿಂದ, ಯಾವ ತೇವಾಂಶದಲ್ಲಿ ಅಳೆಯಲಾಯಿತೆಂದು ಹೇಳದ ಏಕಮಾನ ತೂಕಕ್ಕೆ ಬೆಲೆಯಿಲ್ಲ. ಮುಕ್ತ ಉಬ್ಬುವಿಕೆ ಶೇ. 50 ಮೀರಿದ ಮಣ್ಣನ್ನು ಹೆದ್ದಾರಿಯ ಏರಿಗೆ ತುಂಬುವಂತೆಯೇ ಇಲ್ಲ. ರಸ್ತೆ ತಳದ ಮಣ್ಣಿಗೆ ಪ್ರಯೋಗಾಲಯದ ಗರಿಷ್ಠವೇ 17.5 ಕಿಲೋನ್ಯೂಟನ್‌ಗಿಂತ ಕಡಿಮೆ ಇರಬಾರದೆಂಬ ನಿಯಮವನ್ನೂ ಎರೆಮಣ್ಣು ಸಾಮಾನ್ಯವಾಗಿ ಮುಟ್ಟದು. ಹಾಗಾಗಿ ಬೇರೆಡೆಯಿಂದ ಗರಸು ತರಿಸಬೇಕಾಗುತ್ತದೆ.

ಗರಸಿನಲ್ಲಿ ಕೋರ್ ಕಟರ್ ಇಳಿಯುವುದಿಲ್ಲ. ಅಲ್ಲಿ ಗುಂಡಿ ತೋಡಿ, ತೆಗೆದ ಮಣ್ಣನ್ನು ತೂಗಿ, ಗುಂಡಿಗೆ ಒಣ ಮರಳು ಸುರಿದು ಗಾತ್ರ ಅಳೆಯುತ್ತಾರೆ. ಮರಳು 1 ಮಿ.ಮೀ. ಜರಡಿಯಲ್ಲಿ ಇಳಿದು 600 ಮೈಕ್ರಾನ್ ಜರಡಿಯಲ್ಲಿ ಉಳಿದದ್ದಾಗಿರಬೇಕು. ಅದರ ಸಾಂದ್ರತೆಯನ್ನು ಮೊದಲೇ ಪ್ರಯೋಗಾಲಯದಲ್ಲಿ ಅಳೆದಿರಬೇಕು. ಒಮ್ಮೆ ಬಳಸಿದ ಮರಳಿಗೆ ಗರಸಿನ ಪುಡಿ ಸೇರಿದ್ದರೆ ಜರಡಿ ಹಿಡಿದು, ಒಣಗಿಸಿ, ಮತ್ತೆ ಅಳೆದ ಮೇಲೆಯೇ ಮುಂದಿನ ಗುಂಡಿಗೆ ಸುರಿಯತಕ್ಕದ್ದು.