ಸಂಧಿವಾತದ ಕೈ ಮತ್ತು ತೋಟಾ ಮರುಭರ್ತಿಯ ಉಪಕರಣ: ಹಿಡಿತದ ಹೊರೆಯ ಒಂದು ವಿಶ್ಲೇಷಣೆ

ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು ಎಸೆಯದೆ, ಹೊಸ ಪ್ರೈಮರು (ಹೊಡೆತಕ್ಕೆ ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುವ ಸಣ್ಣ ಬಟ್ಟಲು), ಮದ್ದು, ಗುಂಡು ಸೇರಿಸಿ ಮತ್ತೆ ಬಳಸುವ ರೂಢಿ ಅಮೆರಿಕದ ಗುರಿಗಾರರಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಸ್ವಂತ ಬಳಕೆಗೆ ಹೀಗೆ ತುಂಬಿಸಿಕೊಳ್ಳುವವರಿಗೆ ಅಲ್ಲಿನ ಒಕ್ಕೂಟ ಕಾನೂನಿನ ಪ್ರಕಾರ ಪರವಾನಗಿ ಬೇಕಿಲ್ಲ. ಮಾರಾಟದ ವ್ಯವಹಾರವಾದರೆ ಬೇಕು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮು ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದನ್ನು ನಿಷೇಧಿಸುತ್ತದೆ. ಹಾಗಾಗಿ ಇಲ್ಲಿನ ಪರಿಶೀಲನೆ ಅಮೆರಿಕದ ಮನೆಗಳ ಕೆಲಸದ ಮೇಜಿಗೆ ಸಂಬಂಧಿಸಿದ್ದು. ಇದು ತಾಳ್ಮೆಯ ಕೆಲಸ. ವಯಸ್ಸಾದ ಮೇಲೂ ಮುಂದುವರಿಯುವ ಹವ್ಯಾಸ. ಆದರೆ ಸಂಧಿವಾತ ಕೈಗೆ ಬರುವುದೂ ಬಹುಪಾಲು ಅದೇ ವಯಸ್ಸಿನಲ್ಲಿ. ಆಗ ಉಪಕರಣವನ್ನು ಕೈಗೆ ಹೇಗೆ ಒಗ್ಗಿಸಬೇಕು? ಸಾಮಾನ್ಯವಾಗಿ ಸಿಗುವ ಉತ್ತರ: ಬಲ ಕಡಿಮೆಯಾಗಿದೆ, ಆದ್ದರಿಂದ ಸನ್ನೆಯನ್ನು ಉದ್ದ ಮಾಡು, ಸಾಲದಿದ್ದರೆ ಮೋಟಾರು ಹಾಕು. ಈ ಉತ್ತರ ಸಮಸ್ಯೆಯನ್ನು ತಪ್ಪಾದ ಜಾಗದಲ್ಲಿ ಹುಡುಕುತ್ತದೆ ಎಂಬುದು ಈ ಲೇಖನದ ವಾದ. ನೋಯುವ ಕೈಯನ್ನು ದಣಿಸುವುದು ಸನ್ನೆ ಎಳೆಯುವ ಒಂದು ದೊಡ್ಡ ಬಲಕ್ಕಿಂತ ಹೆಚ್ಚಾಗಿ ಬೆರಳ ತುದಿಯಲ್ಲಿ ನೂರಾರು ಬಾರಿ ನಡೆಯುವ ಸಣ್ಣ ಚಿವುಟುವಿಕೆ. ಮಾರ್ಪಾಡು ಅಲ್ಲಿಂದ ಶುರುವಾಗಬೇಕು.

ಇದಕ್ಕೆ ಮೊದಲ ಆಧಾರ ಕೈಯ ರಚನೆಯಲ್ಲೇ ಇದೆ. ಬ್ರಿಟನ್ನಿನ ಅಂಗರಚನಾ ತಜ್ಞ ಜಾನ್ ನೇಪಿಯರ್ 1956ರಲ್ಲಿ ಕೈಯ ಹಿಡಿತಗಳನ್ನು ಎರಡು ಬಗೆಯಾಗಿ ವಿಂಗಡಿಸಿದರು: ವಸ್ತುವನ್ನು ಅಂಗೈಗೆ ಒತ್ತಿ ಹಿಡಿಯುವ ಮುಷ್ಟಿಹಿಡಿತ ಒಂದು, ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಯಲ್ಲಿ ಹಿಡಿಯುವ ನಿಖರ ಹಿಡಿತ ಇನ್ನೊಂದು. ಎರಡನೆಯದರ ಬಲ ಮೊದಲನೆಯದರ ಸುಮಾರು ಕಾಲುಭಾಗ ಮಾತ್ರ. ಅದಕ್ಕಿಂತ ಮುಖ್ಯವಾದ ಸಂಗತಿಯನ್ನು ಕೂನಿ ಮತ್ತು ಚಾವೊ ಅವರ 1977ರ ಅಧ್ಯಯನ ತೋರಿಸಿತು. ಬೆರಳ ತುದಿಯಲ್ಲಿ 1 ಕಿಲೋ ಬಲದಿಂದ ಚಿವುಟಿ ಹಿಡಿದಾಗ ಹೆಬ್ಬೆರಳ ಬುಡದ ಕೀಲಿನ ಮೇಲೆ ಬೀಳುವ ಒತ್ತಡ ಸುಮಾರು 12 ಕಿಲೋ. ಬಲವಾದ ಮುಷ್ಟಿಯಲ್ಲಿ ಅದು 120 ಕಿಲೋವರೆಗೂ ಏರಬಹುದು. ಸಂಧಿವಾತದ ಒಂದು ಬಗೆಯಾದ ಕೀಲುಸವೆತ ಕೈಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಜಾಗಗಳಲ್ಲಿ ಇದೇ ಬುಡದ ಕೀಲೂ ಒಂದು. ಎಂದರೆ ಹೊರಗೆ ನೋಡುವವರಿಗೆ ಹಗುರವೆನಿಸುವ ಚಿವುಟು ಒಳಗಿನ ಕೀಲಿಗೆ ಹಗುರವಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ಇದರ ಜೊತೆಗೆ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಬಹುದು. ತಿರುಚುವ ಹಲವು ಚಲನೆಗಳು ಆ ವಾಲನ್ನು ಹೆಚ್ಚಿಸುವ ದಿಕ್ಕಿಗೇ ಒತ್ತುವ ಸಾಧ್ಯತೆ ಇರುತ್ತದೆ. ಸಣ್ಣ ಕೀಲುಗಳ ಹೊರೆಯನ್ನು ದೊಡ್ಡ ಕೀಲುಗಳಿಗೆ, ಬೆರಳಿನದನ್ನು ಅಂಗೈಗೂ ಮುಂಗೈಗೂ ವರ್ಗಾಯಿಸಬೇಕೆಂಬ ಕೀಲುರಕ್ಷಣೆಯ ತತ್ವಕ್ಕೆ ಬೆಂಬಲ ಸಿಗುವುದು ಈ ತಿಳಿವಳಿಕೆಯಿಂದ.

ಮರುಭರ್ತಿ ಉಪಕರಣಗಳ ಇತಿಹಾಸವನ್ನು ಈ ಕಣ್ಣಿನಿಂದ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. 1880ರ ದಶಕದಲ್ಲಿ ಜಾನ್ ಬಾರ್ಲೊ ಕನೆಟಿಕಟ್‌ನ ನ್ಯೂ ಹೇವನ್‌ನಲ್ಲಿ ಕಟ್ಟಿದ ಐಡಿಯಲ್ ಕಂಪನಿ ಮಾರುತ್ತಿದ್ದದ್ದು ಇಕ್ಕುಳದ ಆಕಾರದ ಕೈಸಾಧನ. ಎರಡು ಹಿಡಿಕೆಗಳನ್ನು ಮುಷ್ಟಿಯಲ್ಲಿ ಅಮುಕಿದರೆ ಕೇಸಿನ ಬಾಯಿ ಸರಿಯಾಗುತ್ತಿತ್ತು, ಗುಂಡು ಕೂರುತ್ತಿತ್ತು. ಆ ಇಡೀ ಕೆಲಸದ ಬಲ ಬರಬೇಕಿದ್ದದ್ದು ಬೆರಳುಗಳಿಂದಲೇ. ಮೇಜಿಗೆ ಬೋಲ್ಟು ಹಾಕಿ ಕೂರಿಸುವ ಪ್ರೆಸ್ಸು ಈ ಕಷ್ಟವನ್ನು ನೀಗಿಸಿತು. ಫ್ರೆಡ್ ಹಂಟಿಂಗ್ಟನ್ 1943ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್‌ನಲ್ಲಿ ಆರಂಭಿಸಿದ ಆರ್‌ಸಿಬಿಎಸ್ ಸಂಸ್ಥೆಯ ಪ್ರೆಸ್ಸುಗಳಂಥವು ಸಂಯುಕ್ತ ಸನ್ನೆಯ ಮೂಲಕ, ಎಳೆತದ ಕೊನೆಯಲ್ಲಿ, ಬೇಕಾದಾಗಲೇ ಬಲ ಹೆಚ್ಚುವಂತೆ ಮಾಡುತ್ತವೆ. ಕೇಸನ್ನು ಒಳಗೆ ಒತ್ತಿ ಅಳತೆಗೆ ತರುವ ಅಚ್ಚೇ ಡೈ; ಮುಂದೆ ಬಂದ ಕಾರ್ಬೈಡ್ ಡೈಗಳಿಂದ ನೇರ ಗೋಡೆಯ ಪಿಸ್ತೂಲು ಕೇಸುಗಳಿಗೆ ಎಣ್ಣೆ ಸವರುವ ಕೆಲಸವೂ ತಪ್ಪಿತು. ಹೀಗಾಗಿ ದೊಡ್ಡ ಬಲದ ಪ್ರಶ್ನೆಯನ್ನು ಉಪಕರಣ ತಯಾರಕರು ಬಹುಮಟ್ಟಿಗೆ ಹಿಂದೆಯೇ ಬಗೆಹರಿಸಿದ್ದಾರೆ. ಉಳಿದಿರುವುದು ಬೆರಳ ತುದಿಯ ಪ್ರಶ್ನೆ.

ಅದನ್ನು ಎಣಿಸಿ ನೋಡಬಹುದು. ಒಂದೇ ಡೈ ಹಿಡಿಯುವ ಪ್ರೆಸ್ಸಿನಲ್ಲಿ ಪಿಸ್ತೂಲು ಕೇಸೊಂದನ್ನು ಅಳತೆಗೆ ತರಲು ಒಮ್ಮೆ, ಬಾಯಿ ಅಗಲಿಸಲು ಒಮ್ಮೆ, ಪ್ರೈಮರು ಕೂರಿಸಲು ಒಮ್ಮೆ, ಮದ್ದು ಸುರಿಯಲು ಒಮ್ಮೆ, ಗುಂಡು ಕೂರಿಸಲು ಒಮ್ಮೆ ಎತ್ತಿಕೊಳ್ಳಬೇಕು. ಗುಂಡನ್ನು ಬೇರೆಯಾಗಿ ಹಿಡಿಯಬೇಕು. ಕನಿಷ್ಠ ಆರು ಚಿವುಟು. 50 ತೋಟಾಗಳ ಒಂದು ಪೆಟ್ಟಿಗೆಗೆ 300. ಇವುಗಳಲ್ಲಿ ಅತಿ ಕಷ್ಟದ್ದು ಪ್ರೈಮರು. ದೊಡ್ಡ ಅಳತೆಯದರ ವ್ಯಾಸ 0.210 ಅಂಗುಲ, ಅಂದರೆ ಸುಮಾರು 5.3 ಮಿಲಿಮೀಟರು, ಸಣ್ಣದು 0.175 ಅಂಗುಲ, ಸುಮಾರು 4.4 ಮಿಲಿಮೀಟರು. ಇಷ್ಟು ಚಿಕ್ಕ ಲೋಹದ ಬಟ್ಟಲನ್ನು ಊದಿದ ಬೆರಳಿನಿಂದ ಹಿಡಿದು, ಸರಿಯಾದ ಮುಖ ಮೇಲೆ ಮಾಡಿ ಇಡುವುದು ಕಷ್ಟ. ಆಮೇಲೆ ಕೈಯಲ್ಲಿ ಹಿಡಿಯುವ ಪ್ರೈಮಿಂಗ್ ಸಾಧನದ ಸನ್ನೆಯನ್ನು ಹೆಬ್ಬೆರಳಿನಿಂದಲೋ ಮುಷ್ಟಿಯಿಂದಲೋ ಒತ್ತಬೇಕು. ಇದರ ಹೊರತಾಗಿ ಡೈಯ ಲಾಕ್‌ರಿಂಗ್ ಬಿಗಿ ಮಾಡುವುದು, ಕೇಸಿನ ಬಾಯಿಯ ಅಂಚು ಕೆರೆಯುವ ಸಾಧನವನ್ನು ತಿರುಗಿಸುವುದು, ತಕ್ಕಡಿಯ ಬಳಿ ಮದ್ದು ಉದುರಿಸುವ ಸಣ್ಣ ಗುಂಡಿಯನ್ನು ತಿರುವುವುದು ಎಲ್ಲವೂ ಚಿವುಟು ಮತ್ತು ತಿರುಚು ಸೇರಿದ ಚಲನೆಗಳೇ. ಅಮೆರಿಕದ ಅಂಗವೈಕಲ್ಯ ಕಾಯ್ದೆಯಡಿಯ 2010ರ ವಿನ್ಯಾಸ ಮಾನದಂಡ, ಕಟ್ಟಡಗಳಲ್ಲಿನ ಹಿಡಿಕೆ, ಗುಂಡಿಗಳನ್ನು ಬಿಗಿಯಾಗಿ ಹಿಡಿಯದೆ, ಚಿವುಟದೆ, ಮಣಿಕಟ್ಟು ತಿರುಚದೆ, 5 ಪೌಂಡಿಗಿಂತ ಹೆಚ್ಚು ಬಲ ಹಾಕದೆ ಒಂದೇ ಕೈಯಲ್ಲಿ ಬಳಸುವಂತಿರಬೇಕು ಎನ್ನುತ್ತದೆ. ಮನೆಯ ಉಪಕರಣಗಳಿಗೆ ಆ ನಿಯಮ ಅನ್ವಯಿಸುವುದಿಲ್ಲ. ಆದರೆ ಅಳತೆಗೋಲಾಗಿ ಇಟ್ಟುಕೊಂಡರೆ, ಪ್ರೆಸ್ಸಿನ ಸನ್ನೆಯನ್ನು ಬಿಟ್ಟು ಮೇಜಿನ ಮೇಲಿನ ಹೆಚ್ಚಿನ ಸಾಧನಗಳು ಬಲದ ಮಿತಿಗೂ ಮುನ್ನ ಚಿವುಟು, ತಿರುಚುಗಳಲ್ಲೇ ಸೋಲುತ್ತವೆ.

ಮಾರ್ಪಾಡಿನ ಕ್ರಮ ಇದರಿಂದಲೇ ಹೊರಡುತ್ತದೆ. ಮೊದಲನೆಯದು ಚಿವುಟುಗಳ ಸಂಖ್ಯೆಯನ್ನೇ ಇಳಿಸುವುದು. ಹಲವು ಡೈಗಳನ್ನು ಒಂದೇ ತಲೆಯಲ್ಲಿ ಹಿಡಿಯುವ ಟರೆಟ್ ಪ್ರೆಸ್ಸಿನಲ್ಲಿ ಕೇಸನ್ನು ಒಮ್ಮೆ ಇಟ್ಟರೆ ಗುಂಡು ಕೂರುವವರೆಗೆ ತೆಗೆಯಬೇಕಿಲ್ಲ. ಕೇಸಿಗೊಂದು, ಗುಂಡಿಗೊಂದು ಚಿವುಟು. ಪ್ರೈಮರು ತಾನಾಗಿ ಬರುವ ವ್ಯವಸ್ಥೆ ಇದ್ದರೆ 50ಕ್ಕೆ ಸುಮಾರು 100. ಎರಡನೆಯದು ಉಳಿದ ಹಿಡಿತದ ಬಗೆಯನ್ನು ಬದಲಿಸುವುದು. ಪ್ರೆಸ್ಸಿನ ಸನ್ನೆಯ ತುದಿಯ ಗೋಳವನ್ನು ಮುಷ್ಟಿ ಬಿಗಿದೇ ಎಳೆಯಬೇಕು. ಅದರ ಬದಲು ಅಡ್ಡಲಾಗಿ ತಿರುಗುವ ಉರುಳೆ ಹಿಡಿಕೆ ಹಾಕಿದರೆ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿಯೋ ಅಂಗೈ ಬುಡದಿಂದ ಒತ್ತಿಯೋ ಕೆಲಸ ಸಾಗುತ್ತದೆ, ಹೆಬ್ಬೆರಳು ಸುಮ್ಮನಿರಬಹುದು. ಮುಷ್ಟಿ ಬೇಕೇ ಬೇಕಾದ ಕಡೆ ಹಿಡಿಕೆಯ ವ್ಯಾಸವನ್ನು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಯೋಶ್ ಸೂಚಿಸುವಂತೆ 32ರಿಂದ 50 ಮಿಲಿಮೀಟರಿನ ನಡುವೆ ಇಟ್ಟುಕೊಳ್ಳಬೇಕು. ಮೂರನೆಯದು ಕೈ ಹಿಡಿಯಬೇಕಾದ್ದನ್ನು ಮೇಜು ಹಿಡಿಯುವಂತೆ ಮಾಡುವುದು. ಕೈಸಾಧನದ ಬದಲು ಮೇಜಿಗೆ ಬಿಗಿದ ಪ್ರೈಮಿಂಗ್ ಸಾಧನ, ಅಂಚು ಕೆರೆಯಲು ಬ್ಯಾಟರಿಯ ಸ್ಕ್ರೂಡ್ರೈವರು ತಿರುಗಿಸುವ ಕಟ್ಟರು, ಬೆರಳಿನಿಂದ ಬಿಗಿಯುವ ರಿಂಗಿನ ಬದಲು ಉದ್ದ ಹಿಡಿಯ ಸ್ಪಾನರಿಗೆ ಸಿಗುವ ರಿಂಗು. ಬಲ ಹೆಚ್ಚಿಸುವುದು ನಾಲ್ಕನೆಯ, ಕೊನೆಯ ಹೆಜ್ಜೆ. ಸನ್ನೆಯನ್ನು ಎರಡರಷ್ಟು ಉದ್ದ ಮಾಡಿದರೆ ಬೇಕಾದ ಬಲ ಅರ್ಧವಾಗುತ್ತದೆ, ಆದರೆ ಕೈ ಸಾಗಬೇಕಾದ ದಾರಿ ಎರಡರಷ್ಟಾಗುತ್ತದೆ. ಹೆಗಲೂ ಹಿಡಿದುಕೊಂಡಿರುವ ರೋಗಿಗೆ ಅದು ಉಪಕಾರವಲ್ಲ.

ಈ ಕ್ರಮಕ್ಕೆ ಬರುವ ಪ್ರಬಲ ಆಕ್ಷೇಪ ಸ್ಪರ್ಶದ್ದು. ಪ್ರೈಮರು ಕೇಸಿನ ತಳದಲ್ಲಿರುವ ತನ್ನ ಗುಳಿಯ ಕೊನೆಗೆ ಮುಟ್ಟಿತೇ ಎಂಬುದು ಬೆರಳಿಗೇ ತಿಳಿಯುತ್ತದೆ, ಮೇಜಿಗೆ ಬಿಗಿದ ಸನ್ನೆ ಆ ಸುಳಿವನ್ನು ಕಸಿಯುತ್ತದೆ ಎಂದು ಅನುಭವಿಗಳು ಹೇಳುತ್ತಾರೆ. ಇದು ಗಂಭೀರವಾದ ಮಾತು, ಏಕೆಂದರೆ ಪ್ರೈಮರು ಹೊಡೆತಕ್ಕೆ ಸಿಡಿಯುವ ವಸ್ತು. ಆದರೆ ಈ ಆಕ್ಷೇಪ ನಿಜವಾಗಿ ತಾಗುವುದು ಬಲ ಹೆಚ್ಚಿಸುವ ಮಾರ್ಪಾಡಿಗೆ. ಪ್ರೈಮಿಂಗ್ ಸಾಧನಕ್ಕೆ ಉದ್ದ ಸನ್ನೆ ಸೇರಿಸಿದರೆ ವಾರೆಯಾಗಿ ಕೂತ ಪ್ರೈಮರನ್ನು ತಡೆ ಗೊತ್ತಾಗದೆಯೇ ನಜ್ಜುಗುಜ್ಜು ಮಾಡಬಹುದು. ಸನ್ನೆಯ ಅನುಪಾತ ಸಾಧಾರಣವಾಗಿದ್ದು ಅಂಗೈಯಿಂದ ಒತ್ತುವ ಸಾಧನದಲ್ಲಿ ತಡೆಯ ಅರಿವು ಅಂಗೈಗೆ ತಲುಪುತ್ತದೆ. ಪ್ರೈಮರಿನ ಮುಖ ಕೇಸಿನ ತಳಕ್ಕಿಂತ ತುಸು ಒಳಗಿದೆಯೇ ಎಂಬುದನ್ನು ನೇರ ಅಂಚಿನ ಪಟ್ಟಿಯಿಟ್ಟು ಕಣ್ಣಿನಿಂದ ನೋಡಬಹುದು. ನೋವಿನಿಂದ ನಡುಗುವ ಬೆರಳು ಕೊಡುವ ಸುಳಿವಿಗಿಂತ ಈ ಪರೀಕ್ಷೆ ನಂಬಲರ್ಹ. ಮಣಿಕಟ್ಟಿನ ನರ ಒತ್ತಿಹೋಗಿ ಸ್ಪರ್ಶವೇ ಮಂದವಾದವರ ಸ್ಥಿತಿ ಬೇರೆ. ಅಲ್ಲಿ ಹಿಡಿಕೆ ಬದಲಿಸಿದರೆ ಸಾಲದು. ಪ್ರೈಮರಿನ ಹಂತವನ್ನು ಇನ್ನೊಬ್ಬರಿಗೆ ಒಪ್ಪಿಸುವುದೇ ಸರಿ.

ಮೋಟಾರು ಎಲ್ಲವನ್ನೂ ಬಗೆಹರಿಸುತ್ತದೆಂಬುದು ಎರಡನೆಯ ವಾದ. ಮೋಟಾರು ತೆಗೆದುಹಾಕುವುದು ಸನ್ನೆ ಎಳೆತವನ್ನು ಮಾತ್ರ. ಪ್ರೈಮರು ಕೊಳವೆಯಿಂದ ಇಳಿಯುವ ಯಂತ್ರವಾದರೆ 100 ಪ್ರೈಮರುಗಳ ಕೊಳವೆ ತುಂಬಲು ಸಣ್ಣ ಕೊಳವೆಯ ತುದಿಯನ್ನು ಒಂದೊಂದು ಪ್ರೈಮರಿನ ಮೇಲೂ ಒತ್ತಬೇಕು: ಮತ್ತೆ 100 ಚಿವುಟು. ಇದಲ್ಲದೆ ಸನ್ನೆಯ ಮೇಲಿನ ಕೈಗೆ ಎಲ್ಲೋ ಏನೋ ಸಿಕ್ಕಿಕೊಂಡಿದೆ ಎಂದು ತಟ್ಟನೆ ಗೊತ್ತಾಗುತ್ತದೆ; ಸರಳ ಮೋಟಾರು ಒತ್ತುತ್ತಲೇ ಹೋಗುತ್ತದೆ. ವೇಗ ಬೇಕಿಲ್ಲದ ಹವ್ಯಾಸಿಗೆ ನಿಧಾನವೇ ಸುರಕ್ಷತೆ. ಪ್ರತಿ ಕೇಸಿನಲ್ಲೂ ಮದ್ದಿನ ಮಟ್ಟವನ್ನು ಕಣ್ಣಾರೆ ನೋಡಲು ಸಮಯ ಸಿಗುವುದು ನಿಧಾನದಲ್ಲಿ ಮಾತ್ರ.

ಇಷ್ಟು ಚಿಕ್ಕ ಬಳಕೆದಾರ ವರ್ಗಕ್ಕಾಗಿ ಉಪಕರಣ ಬದಲಿಸುವುದು ತಯಾರಕರಿಗೆ ಲಾಭವಲ್ಲ, ಅಂಗಡಿಯಲ್ಲಿ ತಯಾರಾದ ತೋಟಾ ಕೊಂಡರಾಯಿತು ಎಂಬುದು ಕೊನೆಯ ಆಕ್ಷೇಪ. ಇದರ ಮೊದಲ ಭಾಗಕ್ಕೆ ಉತ್ತರ ಅಮೆರಿಕದ ಅಡುಗೆಮನೆಯಲ್ಲೇ ಇದೆ. ಕೈಸಂಧಿವಾತವಿದ್ದ ಪತ್ನಿಗೆ ಸಿಪ್ಪೆ ಹೆರೆಯುವುದು ಕಷ್ಟವಾದದ್ದನ್ನು ಕಂಡು ಸ್ಯಾಮ್ ಫಾರ್ಬರ್ 1990ರಲ್ಲಿ ಓಕ್ಸೊ ಹೆಸರಿನಲ್ಲಿ ದಪ್ಪ ರಬ್ಬರು ಹಿಡಿಕೆಯ ಉಪಕರಣಗಳನ್ನು ತಂದರು. ಆರೋಗ್ಯವಂತ ಕೈಗಳೂ ಅವನ್ನೇ ಆರಿಸಿಕೊಂಡವು. ಎರಡನೆಯ ಭಾಗಕ್ಕೆ ಉತ್ತರ ವೈದ್ಯಕೀಯದ್ದು. ಯುರೋಪಿನ ಸಂಧಿವಾತ ತಜ್ಞರ ಸಂಘಟನೆ ಯೂಲಾರ್‌ನ 2018ರ ಶಿಫಾರಸು, ಕೆಲಸದ ಭಂಗಿ ಮತ್ತು ಗತಿಯ ತರಬೇತಿ, ಸಹಾಯಕ ಸಾಧನಗಳ ಬಳಕೆ ಇವನ್ನು ಕೈಯ ಕೀಲುಸವೆತದ ಪ್ರತಿಯೊಬ್ಬ ರೋಗಿಗೂ ಒದಗಿಸಬೇಕು ಎನ್ನುತ್ತದೆ. ಕೆಲಸ ಬಿಡಿ ಎಂಬುದು ಚಿಕಿತ್ಸೆಯಲ್ಲ. ಕೆಲಸದ ರೀತಿ ಬದಲಿಸಿ ಎಂಬುದು ಚಿಕಿತ್ಸೆ.

ಈ ವಿಶ್ಲೇಷಣೆಯ ವಿಧಾನ ತೋಟಾಕ್ಕಷ್ಟೇ ಸೀಮಿತವಲ್ಲ. ನಮ್ಮ ಈಳಿಗೆಮಣೆಯಲ್ಲಿ ಅಲಗು ಮಣೆಗೆ ಭದ್ರ, ಮಣೆಯನ್ನು ಹಿಡಿಯುವುದು ಮೈಭಾರ. ಅಲಗಿನ ಹಿಡಿಕೆಗಾಗಿ ಮುಷ್ಟಿ ಬಿಗಿಯಬೇಕಿಲ್ಲ. ಮೇಲಿನ ಮೂರನೆಯ ಹೆಜ್ಜೆ ಅಲ್ಲಿ ಆಗಲೇ ಸಾಧಿತವಾಗಿದೆ. ಇದಕ್ಕೆ ವಿರುದ್ಧವಾಗಿ ಅಡಕತ್ತರಿ ಬಿಡದಂತೆ ಮುಷ್ಟಿ ಬಿಗಿಸುವ ಸಾಧನ, ಬಾರ್ಲೊನ ಇಕ್ಕುಳದ ಸಾಲಿಗೆ ಸೇರಿದ್ದು. ಕೈಕಸುಬಿನ ಉಪಕರಣಗಳನ್ನು ಪರಿಷ್ಕರಿಸುವ ನಮ್ಮ ವಿನ್ಯಾಸ ಶಾಲೆಗಳೂ ಔದ್ಯೋಗಿಕ ಚಿಕಿತ್ಸಾ ವಿಭಾಗಗಳೂ ಎಷ್ಟು ಬಲ ಬೇಕು ಎಂದು ಕೇಳುವ ಮುನ್ನ, ಒಂದು ಕೆಲಸ ಮುಗಿಯುವಷ್ಟರಲ್ಲಿ ಬೆರಳು ಎಷ್ಟು ಸಲ ಚಿವುಟುತ್ತದೆ, ಎಷ್ಟು ಸಲ ತಿರುಚುತ್ತದೆ ಎಂದು ಎಣಿಸಬೇಕು. ಆ ಎಣಿಕೆಯಿಲ್ಲದೆ ಮಾಡಿದ ಮಾರ್ಪಾಡು ನೋವನ್ನು ಒಂದು ಕೀಲಿನಿಂದ ಇನ್ನೊಂದಕ್ಕೆ ದಾಟಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ.