ಪೊಲೀಸ್ ಸೇವಾ ಆಯುಧಗಳ ಬದಲಾವಣೆ ಮತ್ತು ವಿಲೇವಾರಿ

ಪೊಲೀಸ್ ಸೇವಾ ಆಯುಧ ಎಂದರೆ ಕರ್ತವ್ಯ ನಿರ್ವಹಣೆಗಾಗಿ ಸರ್ಕಾರವು ಪೊಲೀಸ್ ಅಧಿಕಾರಿ ಅಥವಾ ಸಿಬ್ಬಂದಿಯ ವಶಕ್ಕೆ ಕೊಡುವ ರಿವಾಲ್ವರ್, ಪಿಸ್ತೂಲು, ರೈಫಲ್ ಮೊದಲಾದ ಆಯುಧ. ತಂತ್ರಜ್ಞಾನ ಬದಲಾದಂತೆ ಪೊಲೀಸ್ ಇಲಾಖೆಗಳು ಹಳೆಯ ಆಯುಧಗಳನ್ನು ಕೈಬಿಟ್ಟು ಹೊಸ ಮಾದರಿಗಳನ್ನು ಅಳವಡಿಸಿಕೊಳ್ಳುತ್ತವೆ. ಆಗ ಹಳೆಯ ಆಯುಧಗಳನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಎಲ್ಲ ದೇಶಗಳ ಉತ್ತರ ಒಂದೇ ಆಗಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ಅನೇಕ ಇಲಾಖೆಗಳಲ್ಲಿ ಅಧಿಕಾರಿಯು ತಾನು ಬಳಸಿದ ಪಿಸ್ತೂಲನ್ನು ಹಣ ಕೊಟ್ಟು ಕೊಳ್ಳಬಹುದು. ಕರ್ನಾಟಕವೂ ಸೇರಿದಂತೆ ಭಾರತದಲ್ಲಿ ಸೇವಾ ಆಯುಧವು ಸರ್ಕಾರದ ಸ್ವತ್ತಾಗಿಯೇ ಉಳಿಯುತ್ತದೆ. ನಿವೃತ್ತರಾಗುವವರು ಅದನ್ನು ಹಿಂದಿರುಗಿಸಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು ಅದರಡಿ ಬಂದಿರುವ 'ನಿಷೇಧಿತ ಬೋರ್' ಎಂಬ ವರ್ಗೀಕರಣ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣಗಳು.

ಒಡೆತನ ಮತ್ತು ಲೆಕ್ಕ

ಭಾರತದಲ್ಲಿ ಸಾಮಾನ್ಯ ನಾಗರಿಕರು ಬಂದೂಕು ಹೊಂದಲು ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನ ಪ್ರಕಾರ ಪರವಾನಗಿ ಬೇಕು. ಪೊಲೀಸರಿಗೆ ಈ ಪರವಾನಗಿ ಬೇಕಾಗುವುದಿಲ್ಲ. ಸರ್ಕಾರಿ ನೌಕರರು ತಮ್ಮ ಕರ್ತವ್ಯದ ಭಾಗವಾಗಿ ಆಯುಧ ಹೊಂದುವುದಕ್ಕೆ ಅದೇ ಕಾಯ್ದೆಯ 45ನೇ ಕಲಮು ವಿನಾಯಿತಿ ನೀಡಿದೆ. ಈ ವಿನಾಯಿತಿ ಸಲ್ಲುವುದು ಕರ್ತವ್ಯಕ್ಕೇ ಹೊರತು ವ್ಯಕ್ತಿಗಲ್ಲ. ಆದುದರಿಂದ ಸೇವೆ ಮುಗಿದೊಡನೆ ವಿನಾಯಿತಿಯೂ ಮುಗಿಯುತ್ತದೆ. ಆ ಬಳಿಕ ಅದೇ ಆಯುಧವನ್ನು ಮನೆಯಲ್ಲಿಟ್ಟುಕೊಂಡರೆ ಅದು ಅಪರಾಧವಾಗುತ್ತದೆ.

ಪ್ರತಿಯೊಂದು ಆಯುಧಕ್ಕೂ ಕ್ರಮಸಂಖ್ಯೆ ಇರುತ್ತದೆ. ಶಸ್ತ್ರಾಗಾರದಿಂದ ಅದನ್ನು ಪಡೆದಾಗಲೂ ಹಿಂದಿರುಗಿಸಿದಾಗಲೂ ದಾಖಲೆ ಪುಸ್ತಕದಲ್ಲಿ ನಮೂದಿಸಿ ಸಹಿ ಪಡೆಯಲಾಗುತ್ತದೆ. ಗುಂಡುಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ಹಿಂಪಡೆಯುತ್ತಾರೆ. ಗುರಿ ಅಭ್ಯಾಸದಲ್ಲಿ ಹಾರಿಸಿದ ಗುಂಡುಗಳ ಖಾಲಿ ಕೋಶಗಳಿಗೂ ಲೆಕ್ಕ ಒಪ್ಪಿಸಬೇಕು. ಜಿಲ್ಲಾ ಮಟ್ಟದಲ್ಲಿ ಈ ಹೊಣೆ ಬಹುಮಟ್ಟಿಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆಯದು. ನವರಾತ್ರಿಯ ಆಯುಧಪೂಜೆಯಂದು ಠಾಣೆಗಳಲ್ಲಿಯೂ ಶಸ್ತ್ರಾಗಾರಗಳಲ್ಲಿಯೂ ಇದೇ ಆಯುಧಗಳನ್ನು ಸಾಲಾಗಿಟ್ಟು ಪೂಜಿಸುವ ವಾಡಿಕೆಯಿದೆ.

ಬದಲಾವಣೆಯ ಇತಿಹಾಸ

ಬ್ರಿಟಿಷರ ಕಾಲದಲ್ಲಿ ಭಾರತದ ಪೊಲೀಸರ ಮುಖ್ಯ ಆಯುಧ .303 ಬೋರಿನ ಲೀ-ಎನ್‌ಫೀಲ್ಡ್ ರೈಫಲ್ ಆಗಿತ್ತು. ಬೋರ್ ಎಂದರೆ ನಳಿಗೆಯ ಒಳವ್ಯಾಸ; .303 ಎಂಬುದು ಅಂಗುಲದ ಲೆಕ್ಕ. ಒಮ್ಮೆ ಹಾರಿಸಿದ ಮೇಲೆ ಕೈಯಿಂದ ಬೋಲ್ಟ್ ಎಳೆದು ಮುಂದಿನ ಗುಂಡನ್ನು ಏರಿಸಬೇಕಾದ ರೈಫಲ್ ಇದು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ಇಂತಹ ರೈಫಲ್‌ಗಳನ್ನು .410 ಬೋರಿನ ಮಸ್ಕೆಟ್‌ಗಳಾಗಿ ಪರಿವರ್ತಿಸಿ ಪೊಲೀಸರಿಗೂ ಕಾವಲು ಪಡೆಗಳಿಗೂ ಕೊಡಲಾಗುತ್ತಿತ್ತು. ಅಧಿಕಾರಿಗಳ ಸೊಂಟದಲ್ಲಿರುತ್ತಿದ್ದುದು .38 ಬೋರಿನ ರಿವಾಲ್ವರ್.

ಸ್ವಾತಂತ್ರ್ಯಾನಂತರವೂ ಈ ವ್ಯವಸ್ಥೆ ದಶಕಗಳ ಕಾಲ ಮುಂದುವರಿಯಿತು. ಸೇನೆಯು ಹೊಸ ಆಯುಧಕ್ಕೆ ಬದಲಾದಾಗ ಅದರ ಹಿಂದಿನ ಮಾದರಿಗಳು ಪೊಲೀಸರಿಗೆ ಬರುತ್ತಿದ್ದವು. ಹೀಗೆ 7.62 ಮಿ.ಮೀ. ಬೋರಿನ ಎಸ್‌ಎಲ್‌ಆರ್, ಆ ಬಳಿಕ 5.56 ಮಿ.ಮೀ. ಬೋರಿನ ಇನ್ಸಾಸ್ ರೈಫಲ್ ರಾಜ್ಯ ಪೊಲೀಸರ ಕೈಸೇರಿದವು. ಅಧಿಕಾರಿಗಳ ರಿವಾಲ್ವರ್‌ನ ಸ್ಥಾನಕ್ಕೆ ಕ್ರಮೇಣ 9 ಮಿ.ಮೀ. ಪಿಸ್ತೂಲು ಬಂದಿತು. ಇಶಾಪುರದಲ್ಲಿ ತಯಾರಾಗುವ ಈ ಪಿಸ್ತೂಲಿಗೆ ಬ್ರೌನಿಂಗ್ ಹೈಪವರ್ ಎಂಬ ವಿದೇಶಿ ಮಾದರಿ ಆಧಾರ. ರಾಷ್ಟ್ರೀಯ ಭದ್ರತಾ ದಳದಂತಹ ವಿಶೇಷ ಪಡೆಗಳು ಆಸ್ಟ್ರಿಯಾ ಮೂಲದ ಗ್ಲಾಕ್ ಪಿಸ್ತೂಲುಗಳನ್ನೂ ಬಳಸುತ್ತವೆ.

ಬದಲಾವಣೆಯ ವೆಚ್ಚವನ್ನು ರಾಜ್ಯಗಳು ಒಂಟಿಯಾಗಿ ಭರಿಸುವುದು ಕಷ್ಟವಾದ್ದರಿಂದ ಕೇಂದ್ರ ಸರ್ಕಾರವು 1969-70ರಲ್ಲಿ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆಯನ್ನು ಆರಂಭಿಸಿತು. 2008ರ ನವೆಂಬರ್ 26ರ ಮುಂಬಯಿ ದಾಳಿಯಲ್ಲಿ ಸ್ವಯಂಚಾಲಿತ ರೈಫಲ್ ಹಿಡಿದ ದಾಳಿಕೋರರನ್ನು ಕೆಲವು ಪೊಲೀಸರು ಹಳೆಯ ರೈಫಲ್‌ಗಳಿಂದ, ಮತ್ತೆ ಕೆಲವರು ಕೇವಲ ಲಾಠಿಗಳಿಂದ ಎದುರಿಸಬೇಕಾಯಿತು. ಆ ಬಳಿಕ ಬದಲಾವಣೆಯ ಬೇಡಿಕೆ ದೇಶದಾದ್ಯಂತ ಬಲಗೊಂಡಿತು. ಆದರೂ ಉತ್ತರ ಪ್ರದೇಶದ ಪೊಲೀಸರು .303 ರೈಫಲ್‌ಗೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದ ಪಥಸಂಚಲನದಲ್ಲಿ.

ಚಾಮರಾಜನಗರ ಸೀಮೆಯ ಅನುಭವ

ಪೊಲೀಸ್ ಆಯುಧದ ಗುಣಮಟ್ಟ ಮತ್ತು ಅದರ ಸುರಕ್ಷತೆ ಎರಡೂ ಎಷ್ಟು ಮುಖ್ಯ ಎಂಬುದಕ್ಕೆ ಕರ್ನಾಟಕದಲ್ಲಿ ಇಂದಿನ ಚಾಮರಾಜನಗರ ಜಿಲ್ಲೆಯ ಕಾಡುಗಳು ಸಾಕ್ಷಿಯಾಗಿವೆ. 1997ರಲ್ಲಿ ಈ ಜಿಲ್ಲೆ ರಚನೆಯಾಗುವವರೆಗೆ ಇಲ್ಲಿನ ತಾಲ್ಲೂಕುಗಳು ಮೈಸೂರು ಜಿಲ್ಲೆಗೆ ಸೇರಿದ್ದವು. ದಂತಚೋರ ವೀರಪ್ಪನ್‌ನ ತಂಡ ಮಲೆ ಮಹದೇಶ್ವರ ಬೆಟ್ಟದ ಸುತ್ತಣ ಅರಣ್ಯವನ್ನು ನೆಲೆ ಮಾಡಿಕೊಂಡಿತ್ತು. 1992ರ ಮೇ ತಿಂಗಳಲ್ಲಿ ಆ ತಂಡವು ಈಗಿನ ಹನೂರು ತಾಲ್ಲೂಕಿನ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ಮಾಡಿ ಐವರು ಪೊಲೀಸರನ್ನು ಕೊಂದು, ಠಾಣೆಯಲ್ಲಿದ್ದ ಆಯುಧ ಮತ್ತು ಗುಂಡುಗಳನ್ನು ಹೊತ್ತೊಯ್ದಿತು. ಅದೇ ವರ್ಷದ ಆಗಸ್ಟ್ 14ರಂದು ಮಿಣ್ಯಂ ಬಳಿ ಪೊಲೀಸ್ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಸಹಿತ ಹಲವು ಪೊಲೀಸರು ಹತರಾದರು. ವೀರಪ್ಪನ್ ಕೊಲ್ಲಲ್ಪಟ್ಟದ್ದು 2004ರ ಅಕ್ಟೋಬರ್ 18ರಂದು, ತಮಿಳುನಾಡು ವಿಶೇಷ ಕಾರ್ಯಪಡೆಯ ಕಾರ್ಯಾಚರಣೆಯಲ್ಲಿ.

ರಾಮಾಪುರದ ಘಟನೆಯು ಸರ್ಕಾರದ ಲೆಕ್ಕದಿಂದ ತಪ್ಪಿದ ಆಯುಧ ಸರ್ಕಾರದ ವಿರುದ್ಧವೇ ತಿರುಗಬಹುದೆಂಬುದನ್ನು ತೋರಿಸಿತು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಇಂತಹ ಕೃತ್ಯವನ್ನು ಪ್ರತ್ಯೇಕ ಅಪರಾಧವನ್ನಾಗಿಸಿತು. ಪೊಲೀಸರಿಂದ ಅಥವಾ ಸಶಸ್ತ್ರ ಪಡೆಗಳಿಂದ ಬಲಪ್ರಯೋಗದ ಮೂಲಕ ಬಂದೂಕನ್ನು ಕಿತ್ತುಕೊಂಡವರಿಗೆ ಕನಿಷ್ಠ 10 ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಚಾಮರಾಜನಗರ, ಗುಂಡ್ಲುಪೇಟೆ ಮತ್ತು ಹರದನಹಳ್ಳಿಯ ಸುತ್ತಣ ಸೀಮೆಯು ಬಂಡೀಪುರ ಹಾಗೂ ಬಿಳಿಗಿರಿರಂಗನ ಬೆಟ್ಟದ ಅರಣ್ಯಗಳಿಗೆ ಸಮೀಪದಲ್ಲಿದೆ. ಕಾಡಂಚಿನ ಬೇಸಾಯಗಾರರಿಗೆ ಆನೆ ಮತ್ತು ಕಾಡುಹಂದಿಯ ಹಾವಳಿ ಹೊಸದಲ್ಲ. ಬೆಳೆ ರಕ್ಷಣೆಗಾಗಿ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಕಾಯ್ದೆಯ 13ನೇ ಕಲಮಿನಲ್ಲಿ ಅವಕಾಶವಿದೆ. ಹೀಗೆ ರೈತನ ಕೈಯ ಕೋವಿ ಮತ್ತು ಠಾಣೆಯ ರೈಫಲ್ ಕಾನೂನಿನ ದೃಷ್ಟಿಯಲ್ಲಿ ಎರಡು ಪ್ರತ್ಯೇಕ ವರ್ಗಗಳಿಗೆ ಸೇರಿವೆ.

ನಿಷೇಧಿತ ಬೋರ್

ಈ ಎರಡು ವರ್ಗಗಳ ನಡುವಿನ ಗೆರೆಯೇ 'ನಿಷೇಧಿತ ಬೋರ್'. 1962ರ ಶಸ್ತ್ರಾಸ್ತ್ರ ನಿಯಮಗಳ ಅನುಸೂಚಿಯು .303 ಅಥವಾ 7.62 ಮಿ.ಮೀ. ಸೇವಾ ಗುಂಡನ್ನು ಹಾರಿಸಬಲ್ಲ ರೈಫಲ್, .410 ಬೋರಿನ ಮಸ್ಕೆಟ್, .380 ಅಥವಾ .455 ಗುಂಡಿನ ರಿವಾಲ್ವರ್, 9 ಮಿ.ಮೀ. ಸೇವಾ ಗುಂಡಿನ ಪಿಸ್ತೂಲು ಇವೆಲ್ಲವನ್ನೂ ಈ ವರ್ಗದಲ್ಲಿರಿಸಿತ್ತು. ಈ ಪಟ್ಟಿಯ ತಿರುಳು ಆಯುಧದ ಗಾತ್ರವಲ್ಲ, ಅದು ಹಾರಿಸುವ ಗುಂಡು. ಸೇನೆ ಮತ್ತು ಪೊಲೀಸರು ಬಳಸುವ ಗುಂಡನ್ನು ಹಾರಿಸಬಲ್ಲ ಆಯುಧ ನಾಗರಿಕರ ಬಳಿ ಇದ್ದರೆ ಸರ್ಕಾರಿ ಗುಂಡುಗಳ ಕಳ್ಳಸಾಗಣೆಗೆ ದಾರಿಯಾಗುತ್ತದೆ ಎಂಬುದು ಇದರ ಹಿಂದಿನ ತರ್ಕ.

ಈ ಕಾರಣದಿಂದ ನಾಗರಿಕರಿಗಾಗಿ ಬೇರೆಯೇ ಬೋರಿನ ಆಯುಧಗಳು ತಯಾರಾಗುತ್ತವೆ. ಇಶಾಪುರದ .315 ಬೋರಿನ ರೈಫಲ್ ರಚನೆಯಲ್ಲಿ ಲೀ-ಎನ್‌ಫೀಲ್ಡ್‌ನ ವಂಶಕ್ಕೆ ಸೇರಿದ್ದರೂ .303 ಗುಂಡನ್ನು ಅದರಲ್ಲಿ ಬಳಸಲಾಗದು. ಕಾನ್ಪುರದಲ್ಲಿ ತಯಾರಾಗುವ .32 ಬೋರಿನ ರಿವಾಲ್ವರ್ ಕೂಡ ಇಂತಹುದೇ. ಈ ಸರ್ಕಾರಿ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ ಅಡ್ವಾನ್ಸ್‌ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಲಿಮಿಟೆಡ್ ಎಂಬ ಸಾರ್ವಜನಿಕ ಕಂಪನಿಯ ಅಧೀನದಲ್ಲಿವೆ.

ನಿಷೇಧಿತ ವರ್ಗದ ಆಯುಧಕ್ಕೆ ಜಿಲ್ಲಾ ಮಟ್ಟದಲ್ಲಿ ಪರವಾನಗಿ ದೊರೆಯುವುದಿಲ್ಲ. ಕಾಯ್ದೆಯ 7ನೇ ಕಲಮಿನ ಪ್ರಕಾರ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಬೇಕು. ಆದುದರಿಂದ ಮೂವತ್ತು ವರ್ಷ ಒಂದೇ ರಿವಾಲ್ವರ್ ಧರಿಸಿದ ಅಧಿಕಾರಿಗೂ ಅದನ್ನು ಕೊಳ್ಳುವ ಮಾರ್ಗ ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ.

ನಿವೃತ್ತಿಯ ಅನಂತರ

ನಿವೃತ್ತ ಪೊಲೀಸ್ ಅಧಿಕಾರಿಗೆ ಆತ್ಮರಕ್ಷಣೆಗೆ ಆಯುಧ ಬೇಕಾದಲ್ಲಿ ಇತರ ನಾಗರಿಕರಂತೆಯೇ ಅರ್ಜಿ ಸಲ್ಲಿಸಬೇಕು. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿ, ಬೆಂಗಳೂರಿನಂತಹ ನಗರಗಳಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ನೀಡುವ ಅಧಿಕಾರ ಹೊಂದಿದ್ದಾರೆ. ಅರ್ಜಿದಾರರ ಬಗ್ಗೆ ಸ್ಥಳೀಯ ಠಾಣೆಯಿಂದ ವರದಿ ಪಡೆಯುವುದು ಕಡ್ಡಾಯ. 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು. ಚುನಾವಣೆಯ ಕಾಲದಲ್ಲಿ ಜಿಲ್ಲಾಡಳಿತದ ಆದೇಶದಂತೆ ಖಾಸಗಿ ಆಯುಧಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ನಿವೃತ್ತ ಅಧಿಕಾರಿಗಳ ಆಯುಧಗಳೂ ಇದಕ್ಕೆ ಒಳಪಡುತ್ತವೆ.

ಕರ್ನಾಟಕದಲ್ಲಿ ಪರವಾನಗಿಯ ನಿಯಮಕ್ಕೆ ಒಂದು ಪ್ರಸಿದ್ಧ ಅಪವಾದವಿದೆ. ಕೊಡವ ಜನಾಂಗದವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿಯಿದ್ದು, 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಇದು ಕೋವಿಯನ್ನು ಪೂಜಿಸುವ ಸಾಂಸ್ಕೃತಿಕ ಪರಂಪರೆಗೆ ಸಂಬಂಧಿಸಿದ್ದು. ಸೇವಾ ಆಯುಧಗಳಿಗೂ ಇದಕ್ಕೂ ಸಂಬಂಧವಿಲ್ಲ.

ಸೇನಾಧಿಕಾರಿಗಳಿಗೆ ಮಾರಾಟ

ಅಧಿಕಾರಿಗಳಿಗೆ ಆಯುಧ ಮಾರುವ ಪದ್ಧತಿ ಭಾರತಕ್ಕೆ ಸಂಪೂರ್ಣ ಅಪರಿಚಿತವೇನಲ್ಲ. ಸೇನೆಯಲ್ಲಿ ಬಳಕೆಯ ಮಾದರಿಗೆ ಸೇರದ ಆಯುಧಗಳನ್ನು ಅಧಿಕಾರಿಗಳು ಡಿಪೊಗಳಿಂದ ಕಡಿಮೆ ಬೆಲೆಗೆ ಕೊಳ್ಳುವ ಅವಕಾಶವಿತ್ತು. ಹೀಗೆ ಕೊಂಡ ಕೆಲವು ಆಯುಧಗಳು ಅಕ್ರಮವಾಗಿ ಹೊರಗಿನವರಿಗೆ ಮಾರಾಟವಾದ ಸಂಗತಿ ರಾಜಸ್ಥಾನದ ಶ್ರೀಗಂಗಾನಗರ ಪ್ರದೇಶದಲ್ಲಿ 2007ರ ಸುಮಾರಿಗೆ ಬೆಳಕಿಗೆ ಬಂದು, ಪ್ರಕರಣವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಸರ್ಕಾರಿ ಆಯುಧವು ಒಮ್ಮೆ ಖಾಸಗಿ ಸ್ವತ್ತಾದರೆ ಅದರ ಮುಂದಿನ ಪಯಣವನ್ನು ಗಮನಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಈ ಪ್ರಕರಣವನ್ನು ಉದಾಹರಿಸಬಹುದು.

ಅಮೆರಿಕದ ಪದ್ಧತಿ

ಅಮೆರಿಕದಲ್ಲಿ 1980ರ ದಶಕದವರೆಗೆ ಬಹುತೇಕ ಪೊಲೀಸರು ಆರು ಗುಂಡಿನ ರಿವಾಲ್ವರ್ ಬಳಸುತ್ತಿದ್ದರು. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಕೇಂದ್ರೀಯ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಮೃತರಾದ ಮೇಲೆ ಹೆಚ್ಚು ಗುಂಡು ಹಿಡಿಯುವ ಪಿಸ್ತೂಲುಗಳತ್ತ ಒಲವು ತೀವ್ರವಾಯಿತು. ನ್ಯೂಯಾರ್ಕ್ ನಗರದ ಪೊಲೀಸರು 1993ರಲ್ಲಿ 9 ಮಿ.ಮೀ. ಪಿಸ್ತೂಲಿಗೆ ಬದಲಾದರು. ಎಫ್‌ಬಿಐ 1990ರ ದಶಕದಲ್ಲಿ .40 ಬೋರನ್ನು ಅಳವಡಿಸಿಕೊಂಡು, 2016ರ ಹೊತ್ತಿಗೆ ಮತ್ತೆ 9 ಮಿ.ಮೀ.ಗೆ ಮರಳಿತು.

ಪ್ರತಿ ಬದಲಾವಣೆಯಲ್ಲೂ ಹಳೆಯದನ್ನು ಕೊಟ್ಟು ಹೊಸದನ್ನು ಕೊಳ್ಳುವ ವಿನಿಮಯ ಪದ್ಧತಿ ಬಳಕೆಯಾಯಿತು. ಇಲಾಖೆಯ ಹಳೆಯ ಪಿಸ್ತೂಲುಗಳಿಗೆ ವ್ಯಾಪಾರಿಯು ಬೆಲೆ ಕಟ್ಟಿ, ಆ ಮೊತ್ತವನ್ನು ಹೊಸ ಪಿಸ್ತೂಲುಗಳ ಬೆಲೆಯಲ್ಲಿ ಕಳೆಯುತ್ತಾನೆ. ತೆರಿಗೆದಾರರ ಹಣ ಉಳಿಯುವುದು ಇದರ ಲಾಭ. ಅನೇಕ ಕಡೆ ಹಳೆಯ ಪಿಸ್ತೂಲನ್ನು ಬಳಸಿದ ಅಧಿಕಾರಿಗೇ ಕೊಳ್ಳುವ ಮೊದಲ ಅವಕಾಶ ಕೊಡುತ್ತಾರೆ. ನಿವೃತ್ತಿಯ ನೆನಪಿಗಾಗಿ ಕಡಿಮೆ ಬೆಲೆಗೆ ನೀಡುವುದೂ ಉಂಟು. ಉಳಿದವು ಅಂಗಡಿಗಳ ಮೂಲಕ ಸಾರ್ವಜನಿಕರಿಗೆ ಮಾರಾಟವಾಗುತ್ತವೆ.

ಇದರ ಇನ್ನೊಂದು ಮುಖವನ್ನು 2024ರಲ್ಲಿ ಪ್ರಕಟವಾದ ಪತ್ರಿಕಾ ತನಿಖೆಯೊಂದು ತೋರಿಸಿತು. 2006ರಿಂದೀಚೆಗೆ ಹಿಂದೆ ಪೊಲೀಸರ ಬಳಿಯಿದ್ದ 52 ಸಾವಿರಕ್ಕೂ ಹೆಚ್ಚು ಬಂದೂಕುಗಳು ಅಪರಾಧಗಳ ಸಂಬಂಧದಲ್ಲಿ ಪತ್ತೆಯಾಗಿದ್ದವು. ಕಳವಾದ ಮತ್ತು ಕಳೆದುಹೋದ ಆಯುಧಗಳೂ ಈ ಸಂಖ್ಯೆಯಲ್ಲಿದ್ದರೂ, ಇಲಾಖೆಗಳೇ ಮಾರಿದ ಆಯುಧಗಳು ಅನೇಕವಿದ್ದವು. ಆ ಬಳಿಕ ಕೆಲವು ಇಲಾಖೆಗಳು ಮಾರಾಟದ ಪದ್ಧತಿಯನ್ನು ಮರುಪರಿಶೀಲಿಸಿದವು.

ಎರಡು ಪದ್ಧತಿಗಳ ಹೋಲಿಕೆ

ಮಾರಾಟದ ಪದ್ಧತಿಯು ಖಜಾನೆಯ ಹೊರೆಯನ್ನು ತಗ್ಗಿಸಿ ಆಯುಧಗಳನ್ನು ಬೇಗ ಬದಲಾಯಿಸಲು ನೆರವಾಗುತ್ತದೆ. ಆದರೆ ಹಳೆಯ ಆಯುಧವು ಲೆಕ್ಕದಿಂದ ಹೊರಗುಳಿಯುತ್ತದೆ. ಭಾರತದ ಪದ್ಧತಿಯಲ್ಲಿ ಹಳೆಯ ಆಯುಧದಿಂದ ಹೊಸದಕ್ಕೆ ಹಣ ಹುಟ್ಟುವುದಿಲ್ಲ. ಬದಲಾವಣೆಯು ಅನುದಾನವನ್ನೇ ಅವಲಂಬಿಸಿರುವುದು .303 ರೈಫಲ್ ಠಾಣೆಗಳಲ್ಲಿ ಅಷ್ಟು ದೀರ್ಘಕಾಲ ಉಳಿಯಲು ಒಂದು ಕಾರಣ. ಅದಕ್ಕೆ ಪ್ರತಿಯಾಗಿ ಪ್ರತಿ ಆಯುಧವೂ ಕೊನೆಯವರೆಗೆ ಸರ್ಕಾರದ ದಾಖಲೆಯಲ್ಲಿರುತ್ತದೆ. ಹಳತಾದ ಆಯುಧದೊಂದಿಗೆ ಅಪಾಯವನ್ನು ಎದುರಿಸಬೇಕಾದ ಪೊಲೀಸರ ಸುರಕ್ಷತೆ ಒಂದೆಡೆ, ಲೆಕ್ಕ ತಪ್ಪಿದ ಆಯುಧದಿಂದ ಸಾರ್ವಜನಿಕರಿಗಾಗುವ ಅಪಾಯ ಇನ್ನೊಂದೆಡೆ; ಆಯುಧಗಳ ಬದಲಾವಣೆಯ ಯಾವುದೇ ನೀತಿಯೂ ಇವೆರಡನ್ನೂ ತೂಗಿ ನೋಡಬೇಕಾಗುತ್ತದೆ.

ಇವನ್ನೂ ನೋಡಿ

ಕರ್ನಾಟಕ ರಾಜ್ಯ ಪೊಲೀಸ್
ಶಸ್ತ್ರಾಸ್ತ್ರ ಕಾಯ್ದೆ, 1959
ಚಾಮರಾಜನಗರ ಜಿಲ್ಲೆ
ವೀರಪ್ಪನ್